ಬಸದಿ ದಾಟೂತನಕ ನೂಕಿದ ಗಾಡಿ

...ಕೆರೀರಿ, ಕೆರೀರಿ ಆರ್‌ಟಿಓ ಸಾಹೇಬ್ರ. ಇನ್ನೊಂದೀಟು ಮ್ಯಾಲ. ಹಾಂ, ಅಲ್ಲೇ, ಹ್ಯಾಂಡಲ್ಲಿನ ಕುತ್ತಿಗಿ ಕಡೆ. ನಂಬರ ಅಲ್ಲೇ ಹೊಡದಾರ. ಆ ಸಂಗ್ರಾಮ ಅನ್ನೂ ಮೂಢ ಅದರ ಮ್ಯಾಲೂ ಬಣ್ಣಾ ಬಳದ ಇಟ್ಟಾನ. ನಿಪ್ಪಾಣ್ಯಾಗ ಗ್ಯಾರೇಜಂತ ಅಂವಂದು. ಹೊರಗಿನ ಬೋರ್ಡು ನೋಡಿದ್ರ ವಿಮಾನಾನೂ ರಿಪೇರಿ ಮಾಡ್ತಾನೇನೋ ಅನಬೇಕು. ಒಳಗ ಹೋದ್ರ ಒಂದು ಪಾನಾ ಹುಡಕಾಕ ಅರ್ಧಾ ದಿವ್ಸ. ಗಾಡಿಗೆ ಬಣ್ಣಾ ಹಚ್ಚೋ ಅಂದ್ರ ಕಂಡದ್ದಕ್ಕೆಲ್ಲಾ ಹಚ್ಚಿದ. ನಾ ಹತ್ರ ನಿಂತಿದ್ರ ನನಗೂ ಹಚ್ಚತಿದ್ದ.

ಆತಲ್ಲ? ಕೂಡ್ತಲ್ಲ ನಂಬರ? ನಾ ಏನ ಹೇಳಿದ್ದೆ! ಕಾಗದಪತ್ರದಾಗ ನನ್ನ ಕಡೆ ಬೊಟ್ಟ ಮಾಡಾಕ ಜಾಗಾ ಇಲ್ಲ. ಮೊದಲ ಕೊಲ್ಲಾಪುರ ಪಾಸಿಂಗ್, ಅಲ್ಲಿ ನೋಂದಣಿ ಇತ್ತು, ಅಲ್ಲಿಂದ ಬಿಡಸ್ಕೊಂಡ ಬಂದೀನಿ, ಈಗ ಕರ್ನಾಟಕದ್ದು ಮಾಡಿ ಕೊಟ್ರ ನಿಮ್ಮ ಕೆಲಸಾ ಮುಗೀತು. ನಮ್ಮ ಮಾತ ತಿಳೀತಾವಲ್ರಿ ನಿಮಗ? ಹೊಳಿ ಆಚೀ ಕಡೆಯವರು ನೀವು. ಆ ಕಡೆ ಮಂದಿಗೆ ನಮ್ಮ ಕನ್ನಡ ಅಂದ್ರ ಅರ್ಧಾ ಮರಾಠಿ, ಅರ್ಧಾ ಜಗಳ ಅನಸತೈತಂತ. ಜಗಳ ಅಲ್ರಿ. ಸದಲಗಾದ ಆಬಾಸಾಹೇಬ ಮಾತಾಡೂದ ಹಿಂಗ.

ಅಲ್ಲಿ ಸಾಲ ಹಚ್ಚಿ ನಿಲ್ಲಿಸ್ಯಾರಲ್ಲ ಹೊಸಾ ಗಾಡಿ, ನೋಡ್ರಿ ಅವನ್ನ. ಎಲ್ಲಾ ಪ್ಲಾಸ್ಟಿಕ್ಕು. ಒಂದು ಎಮ್ಮಿ ಮೈ ತಿಕ್ಕಿದ್ರ ಎರಡು ತುಂಡ. ಸುರು ಮಾಡಾಕ ಗುಂಡಿ ಒತ್ತತಾರಂತ ಗುಂಡಿ, ಮನಿ ಗಂಟಿ ಒತ್ತಿದಂಗ. ಇದು ಯೆಜ್ಡಿ ಮೋಟರ್ ಸೈಕಲ್. ಕಬ್ಬಿಣ. ಬಡದ ನೋಡ್ರಿ. ಬಡೀರಿ, ಏನ ಅಂಜತೀರಿ.

ಅಂವನಾ? ಆ ಟೆಂಪೋಕ್ಕ ಆತು ನಿಂತು ಹಲ್ಲಾಗ ಕಡ್ಡಿ ಆಡಸಾಕತ್ತಾನಲ್ಲ? ಅಂವ ದಶರಥ. ಗಾಡಿ ಇಲ್ಲೀತನಕ ಹೇರಕೊಂಡ ಬಂದಾಂವ. ಪಾಸಿಂಗ್ ಇಲ್ಲದ ಗಾಡಿ ಹಾದಿ ಮ್ಯಾಲ ಹೊಡೀಬಾರದಂತ ಕಾಯ್ದೆ ಐತಲ್ಲ, ಅದಕ್ಕ ಟೆಂಪೋ. ಕಾಯ್ದೆ ಬಿಟ್ಟು ನಡದಾಂವ ಅಲ್ಲ ನಾನು. ಆದ್ರ ದಶರಥನ ಮುಂದ ಮಾತಾಡೂದು ಅಂದ್ರ ಸಂತ್ಯಾಗ ಡಂಗುರ ಹೊಡಸಿದಂಗ. ನಾ ಇಲ್ಲಿ ಸೀನಿದ್ರ ಸಂಜೀಕ ಸದಲಗಾದಾಗ ಮಂದಿ ಕಷಾಯ ತರತಾರ. ಸಣ್ಣಗ ಮಾತಾಡ್ರಿ ನೀವೂ.

ಮತ್ತ ಆ ಬೇವಿನ ಗಿಡದ ಬುಡಕ ಕುಂತಾಳಲ್ಲ, ಆಕಿ ನಮ್ಮಾಕಿ. ಮಂಗಲ. ಆಕೀದೇನೂ ಇಲ್ರಿ ಇಲ್ಲಿ. ಕಣ್ಣಿನ ದವಾಖಾನಿಗೆ ತೋರಸೂದಿತ್ತು, ಹೆಂಗೂ ಚಿಕ್ಕೋಡಿಗೆ ಹೊಂಟೇವಿ ಅಂತ ಕರಕೊಂಡ ಬಂದೆ. ಗಾಡಿ ಬಗ್ಗೆ ಆಕೀಗೇನ ತಿಳೀತೈತಿ. ಗಾಲಿ ಯಾವದು, ದೀಪ ಯಾವದು ತಿಳಿಯೂದಿಲ್ಲ.

ಹಾರ್ನ್ ಹೊಡೀಲಿ? ತಗೋರಿ. ...ಕೇಳಸ್ತ? ಕೋಣ ಕೆಮ್ಮಿದಂಗ ಐತಿ ಅನಬ್ಯಾಡ್ರಿ, ಆಗಿನ ಹಾರ್ನ ಹಂಗ. ದೀಪಾನೂ ಹತ್ತತೈತಿ. ಹಿಂದಿನ ಕೆಂಪು ದೀಪಾನೂ. ಎಲ್ಲಾ ಮಾಡಿಸಿ ತಂದೀನಿ, ಯಾಕಂದ್ರ ಇವತ್ತ ಪಾಸ್ ಆಗಾಕ ಬೇಕು. ಆಗದಿದ್ರ ನಮ್ಮ ಮಗಾ ಅದಾನಲ್ಲ ಶ್ರೇಣಿಕ, ಗೊಬ್ಬರದಂಗಡಿ ಸಾವಕಾರ, ಅಂವ ನಾಳೆ ಮುಂಜಾನೆ ಗುಜರಿಯವನ್ನ ಕರಸ್ಯಾನ. ಪಾಸ್ ಆದ್ರ ಇಟ್ಕೋರಿ, ಇಲ್ಲಂದ್ರ ಗಾಡಿ ನಿಲ್ಲಿಸಿದ ಆ ಕೋಲ್ಯಾಗ ನನಗ ಡ್ರಿಪ್ ಪೈಪ ಇಡೂದೈತಿ ಅಂದ. ಪೈಪ! ಇಂಥಾ ಗಾಡಿ ತಗದು ಪೈಪ ಇಡತಾನಂತ. ಗುಜರಿಯವ ಮೊನ್ನೇನ ಬಂದು ಸುತ್ತಿಗಿಲೆ ಟ್ಯಾಂಕ್ ಬಡದ ನೋಡಿ ಹೋದ. ಸತ್ತ ಎತ್ತಿನ ಮೈ ಮುಟ್ಟಿ ನೋಡಿದಂಗ ನೋಡಿದ, ಬೋಳಿಮಗ. ...ತಪ್ಪಾತ್ರಿ, ಬಾಯಾಗ ಬಂತು.

ನಮ್ಮಾಕಿ ಒಳಗ ಹೋಗಿ ಒಂದು ಹಳೇ ಇಳಕಲ್ ಸೀರಿ ತಂದು ಹರದು ಗಾಡಿ ಒರಸಕೋಂತ ಕುಂತ್ಲು. ಹೆಂಗಸರ ಬುದ್ಧಿ. ಒರಸಿದ್ರ ಪಾಸಿಂಗ್ ಆಗತೈತೇನು?

ಎಲ್ಲಿಂದ ಬಂತು ಗಾಡಿ ಅಂತೀರಾ? ಮಾವ ಕೊಟ್ಟಿದ್ದು. ಕಾಗವಾಡದಾಗ ತಂಬಾಕಿನ ವ್ಯಾಪಾರ ಅವರದು. ಸೋಯರಿಕಿ ಮಾತಾಡಾಕ ಕುಂತಾಗ ಕೇಳಿದ್ರು, ಅಳಿಯಾಂದ್ರಿಗೆ ಗಾಡಿ ಹೊಡ್ಯಾಕ ಬರತೈತೇನು ಅಂತ. ನನಗ! ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ತಿದ್ರು. ಬಾಗಿಲ ಮರಿಗೆ ಬಳಿ ಸಪ್ಪಳಾ ಆತು. ನಾ ಮೀಸಿ ತಿರುವಿ, ಬರದಽ ಏನ್ರಿ ಅಂದೆ. ಮುಗೀತು. ಲಗ್ನದ ಮರುದಿನ ಕೊಲ್ಲಾಪುರದಿಂದ ಗಾಡಿ ತರಸಿ ಚಾವಿ ಕೈಯಾಗ ಇಟ್ರು.

ಅವತ್ತ ಇಕೀನ್ನ ಹಿಂದ ಕುಂಡರಿಸ್ಕೊಂಡು ಕಾಗವಾಡದಿಂದ ಹೊಂಟೆ. ಏನ ಹಾದಿ ಸಾಹೇಬ್ರ. ಎರಡೂ ಕಡೆ ಆಳೆತ್ತರ ಕಬ್ಬು, ನಡುವ ನಾವು. ಇಕಿ ಅಂಜಿ ನನ್ನ ನಡಾ ಗಟ್ಟಿ ಹಿಡಕೊಂಡಿದ್ಲು. ನನಗೇನ ಅಂಜಿಕಿ? ಒಂದು ಕಬ್ಬಿನ ಗಣಿಕಿ ಮುರಕೊಂಡು ಹಲ್ಲಿಲೆ ಸಿಗೀತ ತಿನಕೋಂತ ಬಂದೆ. ಇಕಿ ತುರಬಿನಾಗ ಮಲ್ಲಿಗಿ ದಂಡಿ ಇತ್ತು. ಗಾಳೀಗೆ ಒಂದೊಂದ ಹೂವು ಬಿಚ್ಚಿ ಹಾರಿ ಹಾರಿ ನನ್ನ ಮಾರೀಗೆ ಬಡೀತಿತ್ತು. ಒಂದು ಬಾಯಾಗೂ ಹೋತು. ಕಹಿ ಇರತೈತ್ರಿ ಮಲ್ಲಿಗಿ. ತಿಂದೀರೇನು ಎಂದಾರ?

ಯಾಕ ನಗತೀರಿ?

ಅಲ್ಲ, ನಗು ಬರೂವಂಥಾದ್ದೇನ ಹೇಳಿದೆ? ...ಹಿಂದ ಕುಂತಾಕಿ ಹೂವು ಮುಂದ ಕುಂತಾಂವನ ಮಾರೀಗೆ ಹೆಂಗ ಬಡೀತು ಅಂತ? ಗಾಳೀರಿ. ಕೃಷ್ಣಾ ದಂಡಿ ಗಾಳಿ ನಿಮಗ ಗೊತ್ತಿಲ್ಲ. ಹಿಂದಿನಿಂದ ಬೀಸತೈತಿ, ಎತ್ತಿ ಒಗದಂಗ ಬೀಸತೈತಿ. ಮತ್ತ ಕಬ್ಬು ಎರಡೂ ಕೈಲೆ ಹೆಂಗ ತಿಂದೆ ಅಂತ ಕೇಳಾವ್ರು ನೀವು. ನನಗ ಕೈ ಬಿಟ್ಟ ಹೊಡ್ಯಾಕೂ ಬರತಿತ್ತು. ಎಲ್ಲಾ ಈ ಪರೀಕ್ಷಾ ಪಾಸ್ ಮಾಡಿ ಬಂದ ಹುಡುಗೂರದ್ದ ಹಾಡು. ಪುಸ್ತಕದಾಗ ಗಾಳಿ ಮುಂದಿನಿಂದ ಬೀಸತೈತಿ ಅಂತ ಬರದಿದ್ರ ಮುಗೀತು.

ನಗೂದ ಬಿಟ್ಟು ಕೇಳ್ರಿಲ್ಲೆ. ಸದಲಗಾಕ್ಕ ಹೋಗಿ ಯಾರನ್ನರ ಕೇಳ್ರಿ, ಆಬಾಸಾಹೇಬ ಗಾಡಿ ಹೆಂಗ ಹೊಡೀತಿದ್ದ ಅಂತ. ಹೊಡೀತಿದ್ದ ಅನ್ನೂದಿಲ್ಲ. ನೂಕತಿದ್ದ ಅಂತಾರ. ಹೌದು, ನೂಕತಿದ್ದೆ! ಮನಿಗೂ ಊರ ಅಗಸಿ ಬಾಗಿಲಿಗೂ ನಡುವ ಬಸದಿ ಐತಿ. ಬಸದಿ ಮುಂದ ಮೋಟರ್ ಸೈಕಲ್ ಮ್ಯಾಲ ಕುಂತು ಢುಗು ಢುಗು ಅಂತ ಹೋಗೂದು ಧರ್ಮ ಏನ್ರಿ? ಒಳಗ ಭಗವಂತರು, ಹೊರಗ ನಿನ್ನ ಹೊಗಿ. ಗಾಲಿ ಕೆಳಗ ಹುಳಾ ಹುಪ್ಪಡಿ ಎಷ್ಟ ಸಾಯತಾವೋ. ಅದಕ್ಕ ಮನಿಯಿಂದ ಬಸದಿ ದಾಟೂತನಕ, ಬಸದಿಯಿಂದ ಅಗಸಿ ದಾಟೂತನಕ, ಧೋತರಾ ಎತ್ತಿ ಕಟ್ಟಿ ನೂಕಿಕೊಂಡ ಹೋಗಾಂವ ನಾನು. ಇಕಿ ತಲಿ ಮ್ಯಾಲ ಸೆರಗ ಹೊತ್ತು ಹಿಂದ ಹಿಂದ. ಕಟ್ಟಿ ಮ್ಯಾಲ ಕುಂತಾವ್ರು ಎದ್ದು ಕೈ ಮುಗೀತಿದ್ರು. ಪ್ರವಚನದಾಗ ಪಂಡಿತರು ನನ್ನ ಹೆಸರ ತಗದು, ವಾಹನ ಇದ್ದೂ ಏರಲಾರದಾಂವ, ಸಂಯಮ ಅಂದ್ರ ಇದು ಅಂದಾರ. ಬಸದಿ ಕಮಿಟಿಗೆ ಅಧ್ಯಕ್ಷನ್ನ ಮಾಡಿದ್ದೂ ಅದಕ್ಕ. ಇವತ್ತಿಗೂ ನಾನ ಅಧ್ಯಕ್ಷ. ಉಳಕಿದವ್ರು ಕಾರ್ ತಂದು ಬಾಗಿಲಿಗೇ ಹಚ್ಚತಾರ, ಮೆಟ್ಟಲಾ ಹತ್ತಿಸಿ ಒಳಗ ತರೂದೊಂದ ಬಾಕಿ.

ಅಗಸಿ ದಾಟಿ ಕಬ್ಬಿನ ನಡುವ ಹೋದ ಮ್ಯಾಲ ಹತ್ತತಿದ್ವಿ. ಮುಂದ ಯಾವದರ ಊರ ಬಂತೋ, ಮತ್ತ ಇಳದು ನೂಕೂದು. ಅಲ್ಲೂ ದೇವರ ಅದಾವಲ್ರಿ. ನಿಪ್ಪಾಣಿಗೆ ಹೋದ್ರೂ ಊರ ಹೊರಗಿಂದ ನೂಕೂದು, ರಾಯಬಾಗಕ್ಕ ಹೋದ್ರೂ ನೂಕೂದು. ನೂಕಿ ನೂಕಿ ಭುಜಾ ಕಬ್ಬಿಣ ಆಗ್ಯಾವು.

ಕಬ್ಬು ಕಡದ ಮ್ಯಾಲ? ಇಲ್ಲ... ಕಬ್ಬು ಕಡದ ಮ್ಯಾಲ ಗಾಡಿ ಹೊರಗ ತಗೀತಿದ್ದಿಲ್ಲ. ಯಾಕಂದ್ರ... ಹೊಲಾ ಬೈಲ ಆಗತಾವ. ದೂರಿನಿಂದ ಎಲ್ಲಾ ಕಾಣತೈತಿ. ಅಂದ್ರ ಧೂಳ. ಧೂಳ ಭಾಳ ಏಳತೈತಿ ಅಂದೆ. ನೀವು ಗಾಡಿ ನೋಡಾಕ ಬಂದೀರೋ, ಬೆಳಿ ನೋಡಾಕ ಬಂದೀರೋ?

ಮತ್ತ ಟೇಪ ಹಿಡದು ಏನ ಅಳ್ಯಾಕತ್ತೀರಿ? ಹ್ಯಾಂಡಲ್? ಹೌದು, ಒಳಗ ಬಾಗೇತಿ. ಅದು ಆ ಸಂಗ್ರಾಮನ ಕೆಲಸಾ. ನನ್ನಂಥಾ ಎತ್ತರದಾಂವ ಕುಂತ್ರ ಮೊಣಕಾಲಿಗೆ ಬಡೀತೈತಿ, ಅದೂ ತಿಳೀಲಿಲ್ಲ ಅಂವಗ. ...ಹೊಸಾದಾಗಿ ಬಗ್ಗಿಸಿದ್ದಲ್ಲ, ಬಾಗಿದಲ್ಲೆ ಹಳೇ ತುಕ್ಕ ಐತಿ ಅಂತೀರಾ? ಹಂಗಾದ್ರ ಅವರಪ್ಪ ಬಗ್ಗಿಸಿರಬೇಕು. ಗ್ಯಾರೇಜ ಮೊದಲ ಅವರಪ್ಪಂದು. ಮಗನಕಿಂತಾ ದಡ್ಡ.

ಹಿಂದಿನ ಫುಟ್‌ರೆಸ್ಟಿನ ರಬ್ಬರ ಯಾಕ ಇಷ್ಟ ಸವದಾವು? ಒತ್ತಿ ಒತ್ತಿ. ಅಂಜಿದವರು ಒತ್ತತಾರಿಲ್ರಿ ಕಾಲಿಲೆ, ಬ್ರೇಕ್ ತಮ್ಮ ಕಾಲಾಗ ಇದ್ದಂಗ. ಇಕೀನ ಒತ್ತಿದ್ದು. ...ಯಾಕ ನನ್ನ ಚಪ್ಪಲಿ ನೋಡಾಕತ್ತೀರಿ? ನೋಡ್ರಿ, ದೊಡ್ಡವು ಅದಾವ. ಆಕಿ ಕಾಲ ಸಣ್ಣವು, ಹೌದು. ಸಣ್ಣ ಕಾಲಿನವ್ರು ಅಂಜಿದ್ರ ದೊಡ್ಡದಾಗಿ ಒತ್ತತಾರ. ಬರಕೋರಿ ಬೇಕಾದ್ರ.

ಸುರು ಮಾಡ್ಲಿ? ಮಾಡ್ತೀನಿ, ಅದಕೇನು. ಸರೀರಿ ಈ ಕಡೆ. ಧೋತರಾ ಸಿಗತೈತಿ. ...ಎಲ್ಲಿ ಹೋತಿದು? ಕಿಕ್ ರೀ. ಬಲಗಡೆ ಇರಬೇಕಲ್ಲ, ಎಲ್ಲಾ ಗಾಡಿಗೂ ಬಲಗಡೆ ಇರತೈತಿ. ಬಿಚ್ಚಿ ಇಟ್ಕೊಂಡಾನ ನೋಡ್ರಿ ಆ ಕಳ್ಳ! ನಾ ಮೊದಲ ಅಂದಿದ್ದೆ, ನಿಪ್ಪಾಣಿಗೆ ಗಾಡಿ ಕೊಡಬ್ಯಾಡ್ರಿ, ಮೈಮ್ಯಾಲಿನ ಅಂಗೀನೂ ಉಳಿಯೂದಿಲ್ಲ ಅಂತ. ಏನು? ಎಡಗಡೆ? ಅದು ಗೇರ್ ರೀ ಸಾಹೇಬ್ರ. ಗೇರಿಗೂ ಕಿಕ್ಕಿಗೂ ಫರಕ ತಿಳೀದವ್ರನ್ನ...

ಏ, ನೀ ಯಾಕ ಎದ್ದ ಬಂದಿ? ಕುಂದರ ಹೋಗ ಅಲ್ಲೆ. ಹೋಗ ಅಂದೆ.

...ನೋಡಿದ್ರೇನು. ಬಂದ್ಲು, ಆ ಗೇರ್ ಒಳಗ ಒತ್ತಿದ್ಲು, ಮ್ಯಾಲ ತಿರುವಿದ್ಲು, ಹೋದ್ಲು. ಗೇರಿನ ಹಿಡಕೀನ ಕಿಕ್ ಆಗತೈತಿ ಇದರಾಗ, ಎರಡಕ್ಕೂ ಒಂದ. ನನಗ ಗೊತ್ತಿತ್ತು. ನಿಮಗ ಗೊತ್ತೈತೋ ಇಲ್ಲೋ ಅಂತ ನೋಡಾಕತ್ತಿದ್ದೆ. ಆಕಿಗೆ ಹೆಂಗ ಗೊತ್ತಂತ ಕೇಳಬ್ಯಾಡ್ರಿ. ಒರಸಕೋಂತ ಕುಂತಿದ್ಲಲ್ಲ, ಕೈಗೆ ಹತ್ತಿರಬೇಕು.

ತಡೀರಿ... ಹೂಂ... ಇನ್ನೊಮ್ಮೆ... ಆತು! ಆತು ನೋಡ್ರಿ! ಕೇಳ್ರಿ ಆ ಸಪ್ಪಳಾ. ಎರಡು ಸೈಲೆನ್ಸರ್, ಎರಡು ಗಂಟಲಾ. ಆ ಪ್ಲಾಸ್ಟಿಕ್ಕಿನ ಗಾಡಿ ಎಲ್ಲಾ ಹಂಗ ನಿಂತಲ್ಲೆ ನಡಗಾಕತ್ತಾವ. ಹೊಗಿ ಐತಿ, ಇರಲಿ, ಎಣ್ಣಿ ಕುಡದು ಹೊಗಿ ಬಿಡೂ ಗಾಡಿ ಇದು. ಹಳೇದಕ್ಕ ನಿಮ್ಮ ಕಾಯ್ದೆದಾಗ ಸವಲತ್ತ ಇರಬೇಕಲ್ಲ. ...ಆಕೀನಾ? ಹೌದು, ಕಣ್ಣ ಮುಚ್ಚಿ ಕುಂತಾಳ. ನಿದ್ದಿ ಇರಬೇಕು. ಇಷ್ಟ ಸಪ್ಪಳದಾಗ ನಿದ್ದಿ ಮಾಡಾಕಿ, ಆಕಿ ಕಡೆ ಏನ ನೋಡತೀರಿ.

ಆತಲ್ಲ? ಇನ್ನ ಸಿಕ್ಕಾ ಒತ್ರಿ, ನಾವ ಹೋಗತೇವಿ.

ಏನ ಉಳೀತು? ಹೊಡೀಬೇಕು?

ಈ ಬೈಲಾಗ ಒಂದು ಸುತ್ತ ಹೊಡದು, ನೀವು ಕೈ ಮಾಡಿದಲ್ಲೆ ಬ್ರೇಕ್ ಹಾಕಿ ತೋರಸಬೇಕು... ಹಂಗ ಅನ್ರಿ. ಅದೇನ ದೊಡ್ಡ ಮಾತು. ಹೊಡೀತಿದ್ದೆ. ಆದ್ರ ಮೊಣಕಾಲ ನೋಡ್ರಿ, ಇಲ್ಲೆ, ಬಾವ ಐತಿ. ಮತ್ತ ಧೋತರಾ ಉಟಗೊಂಡ ಬಂದೀನಿ, ಚೈನಿನಾಗ ಸಿಕ್ರ ನಿಮ್ಮ ಆಫೀಸಿನ ಮುಂದ ಮಾನಾ ಹೋಗತೈತಿ. ನೀವ ಹೊಡೀರಿ. ನಿಮಗ ಬರೂದಿಲ್ಲೇನು? ...ತಂದವರು ಹೊಡದ ತೋರಸಬೇಕು. ಹಾಂ. ಲೈಸೆನ್ಸ್ ಇದ್ದವ್ರು. ಹಾಂ.

ಲೇ ದಶರಥ! ನಿನ್ನ ಲೈಸೆನ್ಸಿನಾಗ ಎರಡು ಗಾಲೀದೈತೇನೋ? ...ಕೇಳಿದ್ರಲ್ಲ, ನಾಲ್ಕು ಗಾಲೀದಷ್ಟ ಐತಂತ. ನಾಲ್ಕು ಇದ್ರೂ ಹೋದ ವಾರ ಗಟಾರದಾಗ ಇಳಿಸ್ಯಾನ. ಏನಂದ್ಯೋ? ಕಾಕಾ ನೀವ ಹೊಡೀರಿ, ನಾ ಮೊಬೈಲನಾಗ ತಗೀತೀನಿ? ಊರ ಗ್ರೂಪಿನಾಗ ಹಾಕತೀ? ಹಾಕಲೇ, ಹಾಕು. ಒಳಗ ಇಟ್ಕೊ ಅದನ್ನ ಮೊದಲ.

ಸಾಹೇಬ್ರ, ಒಂದು ಮಾತ ಹೇಳ್ತೀನಿ ಕೇಳ್ರಿ. ಹೊಡದಂಗ ಅಂತ ಬರದ ಬಿಡ್ರಿ. ಇಂಜಿನ್ ಕೇಳೀರಿ, ನಂಬರ ನೋಡೀರಿ. ಗಾಲಿ ತಿರಗತಾವ, ನಾ ನೂಕಿ ತೋರಸ್ತೀನಿ. ಬೈಲ ತುಂಬ ನೂಕ್ಲಿ? ನೂಕೂದ್ರಾಗ ನನ್ನ ಸರಿ ಯಾರೂ ಇಲ್ಲ...

ಪೆನ್ನು ಯಾಕ ಕಿಸೆದಾಗ ಇಟ್ರಿ?

ಮಾತಾಡ್ರಿ. ಆಗೂದಿಲ್ಲ ಅಂತರ ಅನ್ರಿ. ಹಿಂಗ ನಿಂತ್ರ ಏನಂತ ತಿಳೀಬೇಕು? ಪಾಸ್ ಮಾಡದಿದ್ರ ನಾಳೆ ಗುಜರಿಯವ ಬರತಾನ. ಅಂವ ಹಂಗ ಒಯ್ಯೂದಿಲ್ಲ, ಅಂಗಳದಾಗ, ಆಕಿ ಮುಂದನ ಗ್ಯಾಸ್ ಹಚ್ಚಿ ಎರಡು ತುಂಡ ಮಾಡಿ ಒಯ್ತಾನ. ಆಕಿ ಏನೂ ಅನ್ನೂದಿಲ್ಲ. ಎಂದರ ಅಂದಾಳೇನು? ಇಷ್ಟ ವರ್ಷಾ ಆತು, ನಾನೂ ಎಂಥಾ ಎಂಥಾವ್ರ ಮುಂದ ಏನೇನ ಹೇಳೀನಿ, ಗಾಡಿ ಹಂಗ ಹೊಡದೆ ಹಿಂಗ ಹೊಡದೆ ಅಂತ, ಆಕಿ ಅಲ್ಲೇ ಚಾ ಹಿಡಕೊಂಡ ನಿಂತಿರತಿದ್ಲು. ಒಂದಿನ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ. ಸೊಸಿ ಮುಂದೂ ಇಲ್ಲ...

ಯಾಕ ಹಂಗ ನೋಡತೀರಿ?

ನೋಡಬ್ಯಾಡ್ರಿ ಹಂಗ. ನಾ ಏನ ಹೇಳಿದೆ? ಬಾಯಿ ಬಿಟ್ಟಿಲ್ಲ ಅಂದೆ, ಅಷ್ಟ. ಬಾಯಿ ಬಿಡೂವಂಥಾದ್ದೇನೈತಿ? ಏನೂ ಇಲ್ಲ. ಏನೂ...

ಲೈಸೆನ್ಸ್ ಬೇಕಲ್ಲ ನಿಮಗ. ಲೈಸೆನ್ಸ್ ಇದ್ರಾತು.

...ಮಂಗಲಾ. ಏ ಮಂಗಲಾ. ಬಾ ಇಲ್ಲೆ. ಕುಂದರ ಅಂದಾಗ ಕುಂದರೂದಿಲ್ಲ, ಬಾ ಅಂದಾಗ ಬರೂದಿಲ್ಲ. ಆ ನಿನ್ನ ಸಂಚಿ ತಗೊಂಡ ಬಾ. ಅದರಾಗ ಐತಲ್ಲ... ಐತಿ, ಗೊತ್ತೈತಿ ನನಗ, ನಿನ್ನೆ ಇಟ್ಕೋಳೂದ ನೋಡೀನಿ.

ತಗೋರಿ. ಆಕೀದ ಲೈಸೆನ್ಸ್. ಹೊಸಾದ ಐತಿ, ಸರಿಯಾಗಿ ನೋಡ್ರಿ. ಗಾಡಿ ಕೋಲ್ಯಾಗ ನಿಂತು ಎಷ್ಟೋ ವರ್ಷಾ ಆಗಿದ್ರೂ ಇದನ್ನ ಮಾತ್ರ ತಪ್ಪಸಿಲ್ಲ. ಕಣ್ಣ ತೋರಸಾಕ ಹೊಂಟೇವಿ ಅಂತ ಮನ್ಯಾಗ ಹೇಳಿ ಬಂದು, ಪ್ರತಿ ಸಲ ಹೊಸಾದ ಮಾಡಸ್ಕೊಂಡ ಹೋಗಾಕಿ. ಯಾತಕ್ಕಬೇ ಇನ್ನ ಅಂದ್ರ, ಇರಲಿ ತಗೋರಿ ಅನ್ನಾಕಿ. ಕಣ್ಣು? ಕಣ್ಣಿಗೇನೂ ಆಗಿಲ್ರಿ. ನನಗಿಂತಾ ಛಲೋ ಕಾಣತಾವ.

ಅವರ ಅಣ್ಣಗೋಳು ಕಾಗವಾಡದಾಗ ತ್ವಾಟದ ಹಾದಿ ಮ್ಯಾಲ ಕಲಿಸಿದ್ರಂತ. ಅವತ್ತ ಊರ ಹೊರಗ ಗಾಡಿ ಬಂದ್ ಬಿದ್ದಾಗ... ಬಂದ್ ಬಿದ್ದಿದ್ದೇನ ಬಂತು, ನಾ ಸುರು ಮಾಡಿದ್ರಲ್ಲ ಬೀಳಾಕ. ಚಾವಿ ಹಿಡಕೊಂಡ ಬೆವರಾಕತ್ತಿದ್ದೆ. ಮಗ್ಗಲದಾಗ ಹೊಸಾ ಹೆಂಡತಿ. ಆಗ ಆಕಿ ಸೀರಿ ಕಚ್ಚಿ ಹಾಕಿ, ಅದೂ ಇದೂ ಅನ್ನದ, ಸರೀರಿ ಹಿಂದ ಅಂದ್ಲು. ಅಷ್ಟ. ಆ ಮಲ್ಲಿಗಿ...

ಬಿಡ್ರಿ ಅದನ್ನ. ಹೆಲ್ಮೆಟ್ ಎಲ್ಲೈತಿ? ಕೊಡ್ರಿ ಇಲ್ಲೆ. ಹಾಕ್ಕೋ ಮಂಗಲಾ. ಹಿಂಗಲ್ಲ, ಬೆಲ್ಟ್ ಗಟ್ಟಿ ಎಳಿ. ಛಲೋ ಆತು, ಕರೀ ಗಾಜ ಐತಿ, ಕೆಳಗ ಬಿಟ್ರ ಯಾರದು ಮಾರಿ ಅಂತ ತಿಳಿಯೂದಿಲ್ಲ. ಆಗ ಇಂಥಾದ್ದೊಂದ ಇದ್ದಿದ್ರ ಅಷ್ಟೆಲ್ಲಾ ನೂಕೂದ ತಪ್ಪತಿತ್ತು. ಹೂಂ, ಬಿಡ ಕೆಳಗ. ...ಅದನ್ನೂ ಕೇಳಾಕಿ. ನಾ ಬಿಡ ಅಂದ್ರ ಬಿಡಾಕಿ.

ನೋಡ್ರಿ, ಏರಿ ಕುಂತ್ಲು. ಕೈ ಹ್ಯಾಂಡಲ್ಲಿಗೆ ಹೆಂಗ ಕೂಡ್ತಾವ ನೋಡ್ರಿ. ಆಕಿ ಕೈಗೆ ಅಳತಿ ತಗೊಂಡ ಬಗ್ಗಿಸಿದ್ದದು.

ನೀವರ ಏನರ ಅನ್ರಿ ಸಾಹೇಬ್ರ. ಬೈರಿ ಬೇಕಾದ್ರ. ಹಿಂಗ ಬಾಯಿ ಮುಚಗೊಂಡ ನಿಂತ್ರ ನನಗ ನನ್ನ ಮಾತ ಕೇಳಸಾಕತ್ತಾವ.

...ತಡಿ ಮಂಗಲಾ. ಗೇರ್ ಹಾಕಬ್ಯಾಡ, ತಡಿ. ಆ ಗಾಜ ಮ್ಯಾಲ ಎತ್ತು. ಎತ್ತ ಅಂದೆ. ಮಾರಿ ಕಾಣ್ಲಿ.

ಲೇ ದಶರಥ! ಎಲ್ಲೋ ನಿನ್ನ ಮೊಬೈಲು? ಹಿಡಿ. ಕಾಕೂನ ಮಾರಿ ನೆಟ್ಟಗ ಬರಬೇಕು. ಇಂವಗ ಒಂದ ಕೆಲಸಾ ಹೇಳಿದ್ರ ಬಾಯಿ ತಗದ ನಿಲ್ಲತಾನ. ಹಾಕು ಗ್ರೂಪಿನಾಗ. ಬಸದಿ ಕಮಿಟಿದಾಗೂ ಹಾಕು.

ಸಾಹೇಬ್ರ, ಒಂದೀಟ ಸರೀರಿ. ಹತ್ತೂದೈತಿ ನನಗ.

ಅಲ್ರಿ, ಮುಂದ ಯಾಕ ಜಾಗಾ ಮಾಡತೀರಿ. ಹಿಂದ.